ಮೈಕಿನ ಕಿವುಡು ಬದಿ: ರಂಗಸ್ಥಳಕ್ಕೆ ಮೈಕ್ ಆರಿಸುವ ಕ್ರಮ

ಸಿರ್ಸಿ, ಸಿದ್ದಾಪುರ, ಹೊನ್ನಾವರದ ಕಡೆ ಯಕ್ಷಗಾನದ ಆಟದ ಕಮಿಟಿಯವರು ಮೈಕ್ ಕೊಳ್ಳಲು ಹೊರಟರೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಇದು ಎಷ್ಟು ದೂರದಿಂದ ಹಿಡಿಯುತ್ತದೆ?’ ಎಂಬುದೇ ಆಗಿರುತ್ತದೆ. ದೂರದಿಂದ ಹಿಡಿಯುವುದೇ ಒಳ್ಳೆಯ ಮೈಕಿನ ಲಕ್ಷಣ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಒಮ್ಮೆ ನಮ್ಮ ಸೀಮೆಯ ಒಂದು ಅಂಗಳದ ಆಟಕ್ಕೆ ದುಬಾರಿಯ ಎರಡು ಕಂಡೆನ್ಸರ್ ಮೈಕ್‌ಗಳನ್ನು ಬಾಡಿಗೆಗೆ ತಂದು ರಂಗಸ್ಥಳದ ಮೇಲಿನ ಅಡ್ಡಗಳಕ್ಕೆ ಕಟ್ಟಿ ಇಳಿಬಿಟ್ಟಿದ್ದೆ. ಅವು ಹೇಳಿದಂತೆಯೇ ಎಲ್ಲವನ್ನೂ ಹಿಡಿದವು. ಚಂಡೆಯನ್ನು ಹಿಡಿದವು, ಹಲಗೆಯ ಮೇಲೆ ಬೀಳುವ ಗೆಜ್ಜೆಯ ಹೆಜ್ಜೆಯನ್ನು ಹಿಡಿದವು, ಮನೆಯ ಹಿಂದೆ ಓಡುತ್ತಿದ್ದ ಜನರೇಟರನ್ನು ಹಿಡಿದವು, ಬಣ್ಣ ಹಚ್ಚುವ ಚೌಕಿಯಲ್ಲಿ ಯಾರೋ ‘ಚಾ ಬಂತಾ?’ ಎಂದು ಕೇಳಿದ್ದನ್ನೂ ಸಭೆಗೆ ಮುಟ್ಟಿಸಿದವು. ವೇಷಧಾರಿಯ ಅರ್ಥವನ್ನು, ಅಂದರೆ ಮಾತನ್ನು, ಮಾತ್ರ ಹಿಂದಿನ ಸಾಲಿನವರಿಗೆ ತಲುಪಿಸಲಿಲ್ಲ. ಅದಕ್ಕಾಗಿ ಮೈಕಿನ ಧ್ವನಿ ಹೆಚ್ಚಿಸುವ ಗೇನ್ ಗುಂಡಿ ಏರಿಸಿದೊಡನೆ ಮೈಕ್ ಕಿರುಚತೊಡಗಿತು. ಮಧ್ಯದಲ್ಲಿ ಪದ ಹಾಡುವ ಭಾಗವತರು ನನ್ನನ್ನು ಕರೆದು, “ತಮಾ, ಯನ್ನ ಮೈಕಲ್ಲಿ ಪದಕ್ಕಿಂತ ಚಂಡೆನೇ ದೊಡ್ಡಕ್ಕೆ ಕೇಳ್ತು” ಎಂದರು. ಮೈಕ್ ಏನನ್ನು ಹಿಡಿಯುತ್ತದೆ ಎಂಬುದಕ್ಕಿಂತ ಏನನ್ನು ಬಿಡುತ್ತದೆ ಎಂದು ನೋಡುವ ಅಭ್ಯಾಸ ನನಗೆ ಹತ್ತಿದ್ದು ಆ ರಾತ್ರಿಯಿಂದ. ಯಕ್ಷಗಾನ, ತಾಳಮದ್ದಳೆ, ಊರ ನಾಟಕ, ಸಂಗೀತ ಕಛೇರಿಗಳಿಗೆ ಮೈಕ್ ಕೊಳ್ಳುವ ಅಥವಾ ಬಾಡಿಗೆಗೆ ಗೊತ್ತುಮಾಡುವ ಸಂಘಟಕರಿಗಾಗಿ ಆ ಅಭ್ಯಾಸವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಅಂಗಡಿಗೆ ಹೋಗುವ ಮುನ್ನ ಒಂದು ನಕ್ಷೆ

ಒಂದು ಹಾಳೆಯ ಮೇಲೆ ರಂಗಸ್ಥಳದ ನಕ್ಷೆಯನ್ನು ಗೀಚಿಕೊಳ್ಳಬೇಕು. ಭಾಗವತರು ಎಲ್ಲಿ ಕೂರುತ್ತಾರೆ, ಮದ್ದಳೆ ಅವರಿಂದ ಎಷ್ಟು ಅಡಿ ದೂರ, ಚಂಡೆಯವರು ಯಾವ ಬದಿಗೆ ನಿಲ್ಲುತ್ತಾರೆ, ವೇಷಗಳು ಯಾವ ದಾರಿಯಿಂದ ಬರುತ್ತವೆ, ಸ್ಪೀಕರ್‌ಗಳು ಎಲ್ಲಿ ನಿಲ್ಲುತ್ತವೆ ಎಂಬುದನ್ನೆಲ್ಲ ಗುರುತಿಸಬೇಕು. ನಂತರ ಅತಿ ಹೆಚ್ಚು ಸದ್ದು ಮಾಡುವ ವಸ್ತು ಯಾವುದೋ ಅದರ ಸುತ್ತ ಕೆಂಪು ಗೆರೆ ಎಳೆಯಬೇಕು. ನಮ್ಮ ರಂಗಸ್ಥಳದಲ್ಲಿ ಅದು ಚಂಡೆ. ಸುಗಮ ಸಂಗೀತವಾದರೆ ತಬಲಾ ಅಥವಾ ಕೀಬೋರ್ಡಿನ ಸ್ಪೀಕರ್, ನಾಟಕವಾದರೆ ಅನೇಕ ಸಲ ಮೇಲೆ ತಿರುಗುವ ಫ್ಯಾನ್. ಮೇಲ್ಛಾವಣಿ ಯಾವುದು ಎಂಬುದನ್ನೂ ಬರೆದುಕೊಳ್ಳುವುದು ಒಳ್ಳೆಯದು. ಅಡಿಕೆ ಸೋಗೆಯ ಚಪ್ಪರ ಸದ್ದನ್ನು ಬಹುಮಟ್ಟಿಗೆ ನುಂಗುತ್ತದೆ. ತಗಡಿನ ಶೀಟಾದರೆ ಅದೇ ಸದ್ದು ಮೇಲಿನಿಂದ ಬಡಿದು ಮತ್ತೆ ಮೈಕಿಗೇ ಬರುತ್ತದೆ. ಒಂದೇ ಮೈಕ್, ಒಂದೇ ಮೈಕಿನವರು, ಒಂದೇ ಮೇಳ ಆಗಿದ್ದರೂ ಸೋಗೆಯಡಿ ಚೆನ್ನಾಗಿ ಕೇಳಿದ್ದು ತಗಡಿನಡಿ ಕಿರುಚುವುದಕ್ಕೆ ಕಾರಣ ಇದು.

ಎರಡನೆಯ ಹೆಜ್ಜೆ: ದೂರವನ್ನು ನಿರ್ಧರಿಸುವುದು

ಮೈಕಿನ ಜಾತಿಯನ್ನು ಆರಿಸುವ ಮೊದಲು ಬಾಯಿಗೂ ಮೈಕಿಗೂ ನಡುವೆ ಎಷ್ಟು ಅಂತರ ಇರಲು ಸಾಧ್ಯ ಎಂಬುದನ್ನು ನಿರ್ಧರಿಸಬೇಕು, ಏಕೆಂದರೆ ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಬಯಲಿನಲ್ಲಿ ಅಂತರ ಇಮ್ಮಡಿಯಾದಾಗಲೆಲ್ಲ ಮೈಕಿಗೆ ತಲುಪುವ ಧ್ವನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಭಾಗವತರ ತುಟಿಯಿಂದ 2 ಅಂಗುಲ ದೂರದಲ್ಲಿದ್ದ ಮೈಕನ್ನು 8 ಅಂಗುಲಕ್ಕೆ ಸರಿಸಿದರೆ ಪದದ ಧ್ವನಿ 12 ಡೆಸಿಬೆಲ್ ಇಳಿಯುತ್ತದೆ. ಆದರೆ ಆರು ಅಡಿ ದೂರದ ಚಂಡೆಗೆ ಈ 6 ಅಂಗುಲ ಲೆಕ್ಕಕ್ಕೇ ಇಲ್ಲ, ಅದು ಇದ್ದಷ್ಟೇ ಇರುತ್ತದೆ. ಕಳೆದುಹೋದ 12 ಡೆಸಿಬೆಲ್ಲನ್ನು ಮಿಕ್ಸರಿನಲ್ಲಿ ಏರಿಸಿ ತುಂಬಿಕೊಂಡರೆ ಚಂಡೆಯೂ ಅಷ್ಟೇ ಏರಿ ಬರುತ್ತದೆ. ಎಷ್ಟೇ ಬೆಲೆಯ ಮೈಕ್ ತಂದರೂ ಈ ಲೆಕ್ಕ ತಪ್ಪುವುದಿಲ್ಲ. ಆದ್ದರಿಂದ ಹತ್ತಿರ ಇಡಬಹುದಾದ ಕಡೆಯೆಲ್ಲ ಹತ್ತಿರವೇ ಇಡಬೇಕು, ಹಾಗೆ ಹತ್ತಿರ ಇಡಲು ತಯಾರಾದ ಮೈಕನ್ನೇ ಕೊಳ್ಳಬೇಕು.

ಹತ್ತಿರ ಇಟ್ಟಾಗ ಒಂದು ಗುಣವೂ ಒಂದು ದೋಷವೂ ಸೇರಿಕೊಳ್ಳುತ್ತವೆ. ದಿಕ್ಕು ನೋಡಿ ಹಿಡಿಯುವ ಮೈಕ್‌ಗಳು ಬಾಯಿಗೆ ಸಮೀಪವಾದಷ್ಟೂ ಕೆಳಸ್ವರವನ್ನು ಉಬ್ಬಿಸುತ್ತವೆ. ತೆಳು ಕಂಠದವರಿಗೆ ಇದರಿಂದ ಮೈ ಬರುತ್ತದೆ, ದಪ್ಪ ಕಂಠದವರ ಮಾತು ಮಂಕಾಗುತ್ತದೆ. ಮಿಕ್ಸರಿನಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿ ಇದ್ದರೆ ಅದನ್ನು ಒತ್ತಿಡುವುದು ಹೆಚ್ಚಿನ ಕಂಠಗಳಿಗೆ ಒಳ್ಳೆಯದು.

ಮೂರನೆಯ ಹೆಜ್ಜೆ: ಕಿವುಡು ಬದಿಯನ್ನು ತಿಳಿದುಕೊಳ್ಳುವುದು

ಒಳ್ಳೆಯ ಮೈಕಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಕಾಗದ ಇರುತ್ತದೆ. ಅದರಲ್ಲಿ ವೃತ್ತದೊಳಗೆ, ಹೆಚ್ಚಾಗಿ ಹೃದಯದ ಆಕಾರದ, ಒಂದು ಗೆರೆ ಇರುತ್ತದೆ. ಹೆಚ್ಚಿನವರು ಅದನ್ನು ಬಿಸಾಡುತ್ತಾರೆ. ಮೈಕಿನ ಜಾತಕ ಇರುವುದು ಅದರಲ್ಲಿಯೇ.

ಸುತ್ತಲಿನಿಂದ ಸಮನಾಗಿ ಕೇಳಿಸಿಕೊಳ್ಳುವ ಮೈಕನ್ನು ಓಮ್ನಿ ಎನ್ನುತ್ತಾರೆ. ಇದಕ್ಕೆ ಕಿವುಡು ಬದಿಯೇ ಇಲ್ಲ. ಗಾಳಿಗೆ, ಬಾಯಿಯ ಉಸಿರಿಗೆ ಇದು ಕಡಿಮೆ ಬೆದರುತ್ತದೆ, ಹತ್ತಿರವಿಟ್ಟರೂ ಕೆಳಸ್ವರ ಉಬ್ಬುವುದಿಲ್ಲ, ಆದರೆ ಚಂಡೆಯ ಪಕ್ಕದಲ್ಲಿ ಇದಕ್ಕೆ ಕೆಲಸವಿಲ್ಲ. ಕಾರ್ಡಿಯಾಯ್ಡ್ ಎಂಬ ಜಾತಿ ಎದುರಿನದನ್ನು ಪೂರ್ತಿಯಾಗಿ, ಪಕ್ಕದ್ದನ್ನು 6 ಡೆಸಿಬೆಲ್ ಕಡಿಮೆಯಾಗಿ ಕೇಳಿಸಿಕೊಂಡು, ನೇರ ಹಿಂಬದಿಗೆ ಬಹುತೇಕ ಕಿವುಡಾಗಿರುತ್ತದೆ. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಇಕ್ಕಟ್ಟು. ಪಕ್ಕದ್ದನ್ನು ಸುಮಾರು 9 ಡೆಸಿಬೆಲ್ ತಗ್ಗಿಸುತ್ತದೆ. ಆದರೆ ಇದರ ಕಿವುಡು ಬದಿ ನೇರ ಹಿಂದೆ ಇಲ್ಲ, ಎದುರಿನಿಂದ ಸುಮಾರು 126 ಡಿಗ್ರಿ ತಿರುಗಿದಲ್ಲಿ ಎಡಕ್ಕೊಂದು ಬಲಕ್ಕೊಂದು ಇದೆ. ನೇರ ಹಿಂದಿನಿಂದ ಬಂದದ್ದನ್ನು ಇದು ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಹೈಪರ್‌ಕಾರ್ಡಿಯಾಯ್ಡ್‌ನಲ್ಲಿ ಆ ಕೋನ ಸುಮಾರು 110 ಡಿಗ್ರಿ.

ಈ ಡಿಗ್ರಿಗಳಿಗೆ ನಕ್ಷೆಯ ಮೇಲೆ ತಕ್ಷಣ ಅರ್ಥ ಬರುತ್ತದೆ. ಭಾಗವತರು ತಮಗೆ ಕೇಳಿಸುವುದಕ್ಕೆಂದು ಎದುರಿಗೆ ಒಂದು ಮಾನಿಟರ್ ಸ್ಪೀಕರ್ ಕೇಳಿದರೆ, ಕಾರ್ಡಿಯಾಯ್ಡ್ ಮೈಕಿದ್ದಾಗ ಅದನ್ನು ಮೈಕಿನ ಬೆನ್ನಿಗೆ ನೇರವಾಗಿ ಇಡಬೇಕು. ಸೂಪರ್‌ಕಾರ್ಡಿಯಾಯ್ಡ್ ಇದ್ದಾಗ ಅದೇ ಜಾಗ ತಪ್ಪು, ಸ್ವಲ್ಪ ಓರೆಗೆ ಸರಿಸಬೇಕು. ಮೈಕ್ ಬದಲಾಯಿಸಿ ಮಾನಿಟರನ್ನು ಹಳೆಯ ಜಾಗದಲ್ಲಿಯೇ ಬಿಟ್ಟು, ‘ಹೊಸ ಮೈಕ್ ಕಿರುಚುತ್ತದೆ’ ಎಂದು ಅಂಗಡಿಗೆ ಮರಳಿಸಿದವರನ್ನು ನಾನು ಕಂಡಿದ್ದೇನೆ. ಚಂಡೆಗೂ ಇದೇ ಮಾತು ಸಲ್ಲುತ್ತದೆ. ಚಂಡೆ ಭಾಗವತರ ಪಕ್ಕದಲ್ಲಿ, ತುಸು ಮುಂದಕ್ಕೆ ಇದ್ದರೆ ಅದು ಮೈಕಿನ ಹಿಂಬದಿಯ ಓರೆಗೆ ಬೀಳುತ್ತದೆ. ಅಲ್ಲಿ ಸೂಪರ್‌ಕಾರ್ಡಿಯಾಯ್ಡ್ ಗೆಲ್ಲುತ್ತದೆ. ಚಂಡೆ ಭಾಗವತರ ಹಿಂದೆ ನಿಂತರೆ ಭಾಗವತರ ಬಾಯಿಗೆ ತಿರುಗಿರುವ ಮೈಕ್ ಚಂಡೆಗೂ ಮುಖ ಮಾಡಿರುತ್ತದೆ. ಅಂಥ ಕಡೆ ಮೈಕ್ ಬದಲಿಸುವುದಕ್ಕಿಂತ ಚಂಡೆಯವರಲ್ಲಿ ವಿನಂತಿಸಿ ಮೂರು ಅಡಿ ಪಕ್ಕಕ್ಕೆ ಸರಿಸಿಕೊಳ್ಳುವುದು ಅಗ್ಗದ ಪರಿಹಾರ.

ಮೈಕಿನ ತಲೆಯ ಜಾಳಿಗೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹಿಂಬದಿಯ ಸದ್ದನ್ನು ಅಳಿಸುವ ದಾರಿ ಆ ಜಾಳಿಗೆಯ ಕೆಳಭಾಗದಲ್ಲಿಯೇ ಇರುವುದರಿಂದ, ಅದು ಮುಚ್ಚಿದೊಡನೆ ಕಾರ್ಡಿಯಾಯ್ಡ್ ಹೋಗಿ ಓಮ್ನಿಯಂತೆ ವರ್ತಿಸತೊಡಗುತ್ತದೆ. ಸಭಾ ಕಾರ್ಯಕ್ರಮದಲ್ಲಿ ಅತಿಥಿಗಳು ಮೈಕನ್ನು ಕೈಗೆತ್ತಿಕೊಂಡ ತಕ್ಷಣ ಅದು ಕಿರುಚಿ, ಮೈಕಿನವರು ಬೈಸಿಕೊಳ್ಳುವುದರ ಹಿಂದಿರುವ ರಹಸ್ಯ ಇಷ್ಟೆ.

ನಾಲ್ಕನೆಯ ಹೆಜ್ಜೆ: ಡೈನಾಮಿಕ್ ಅಥವಾ ಕಂಡೆನ್ಸರ್

ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಹೊರಗಿನ ವಿದ್ಯುತ್ ಬೇಕಿಲ್ಲ, ಜೋರು ಸದ್ದಿಗೆ ಒಡೆಯುವುದಿಲ್ಲ, ತೇವಕ್ಕೆ ಅಂಜುವುದಿಲ್ಲ. ಕಂಡೆನ್ಸರಿನಲ್ಲಿ ಪೊರೆ ಇನ್ನೂ ತೆಳು, ಹೀಗಾಗಿ ತಾರಸ್ವರದ ಮಿನುಗು, ಗೆಜ್ಜೆಯ ಕಿಣಿ, ಸಿತಾರದ ಮೀಟು ಹೆಚ್ಚು ಸ್ಪಷ್ಟ. ಆದರೆ ಅದಕ್ಕೆ ಮಿಕ್ಸರಿನಿಂದ ಕೇಬಲ್ ಮೂಲಕವೇ ಹೋಗುವ ಫ್ಯಾಂಟಮ್ ವಿದ್ಯುತ್, ಸಾಮಾನ್ಯವಾಗಿ 48 ವೋಲ್ಟ್, ಬೇಕು. ಊರಿನ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಈ ಸೌಕರ್ಯ ಇಲ್ಲದಿರುವುದೇ ಹೆಚ್ಚು; ಕಂಡೆನ್ಸರ್ ತಂದು ಸಿಕ್ಕಿಸಿದರೆ ಒಂದು ಅಕ್ಷರವೂ ಕೇಳುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ಮಿಕ್ಸರಿನಲ್ಲಿ ಆ ಗುಂಡಿ ಇದೆಯೇ ಎಂದು ನೋಡಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಮೊದಲ ಆರು ಮೈಕ್‌ಗಳೂ ಡೈನಾಮಿಕ್ ಆಗಿರಲಿ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ಜಗತ್ತಿನ ವೇದಿಕೆಗಳಲ್ಲಿ ಉಳಿದಿರುವುದು ಅದರ ಮಾಧುರ್ಯಕ್ಕಿಂತ ಹೆಚ್ಚಾಗಿ ಅದರ ಗಟ್ಟಿತನಕ್ಕೆ. ಅದು ಕಾರ್ಡಿಯಾಯ್ಡ್, ಅದೇ ಕಂಪನಿಯ ಬೀಟಾ 58ಎ, ಎಕೆಜಿ ಡಿ5, ಸೆನ್‌ಹೈಸರ್ ಇ945 ಇವು ಸೂಪರ್‌ಕಾರ್ಡಿಯಾಯ್ಡ್. ಹೆಸರು ಮಾಡಿದ ಮೈಕ್‌ಗಳಿಗೆ ನಕಲಿಯ ಕಾಟವೂ ಹೆಚ್ಚು. ನೋಡಲು ಅಚ್ಚು ಹೊಡೆದಂತಿದ್ದರೂ ತಕ್ಕಡಿಗೆ ಹಾಕಿದರೆ ಹಲವು ನಕಲಿಗಳು ಸಿಕ್ಕಿಬೀಳುತ್ತವೆ. ಅಸಲಿ ಎಸ್‌ಎಂ58 ಕೇಬಲ್ ಬಿಟ್ಟು 298 ಗ್ರಾಂ ತೂಗುತ್ತದೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಅಧಿಕೃತ ಮಾರಾಟಗಾರರ ಬಿಲ್ ಕೇಳುವುದು ಕ್ಷೇಮ.

ಐದನೆಯ ಹೆಜ್ಜೆ: ಒಬ್ಬೊಬ್ಬರಿಗೂ ಬೇರೆ ವಿಚಾರ

ಭಾಗವತರಿಗೆ ಸೂಪರ್‌ಕಾರ್ಡಿಯಾಯ್ಡ್ ಡೈನಾಮಿಕ್ ಮೈಕೇ ಮೊದಲ ಆಯ್ಕೆ. ಆದರೆ ಇಕ್ಕಟ್ಟಾದ ಮೈಕ್ ಒಂದು ಶಿಸ್ತನ್ನು ಕೇಳುತ್ತದೆ. ನಾನು ಹತ್ತಿರದಿಂದ ಗಮನಿಸಿದ ಹಿರಿಯ ಭಾಗವತರೊಬ್ಬರು ಪದದ ಕೊನೆಗೆ ಬರುವಾಗ ಮದ್ದಳೆಯವರ ಕಡೆ ತಲೆ ತಿರುಗಿಸಿ ಮುಕ್ತಾಯದ ಸೂಚನೆ ಕೊಡುತ್ತಿದ್ದರು; ಆ ಒಂದು ಕ್ಷಣ ಅವರ ಬಾಯಿ ಮೈಕಿನಿಂದ ನಾಲ್ಕು ಅಂಗುಲ ಆಚೆ ಸರಿಯುತ್ತಿತ್ತು, ಪದದ ಕೊನೆಯ ಅಕ್ಷರ ಪ್ರತಿ ಸಲವೂ ಸಭೆಗೆ ತಪ್ಪುತ್ತಿತ್ತು. ಅವರಿಗೆ ತಲೆ ಅಲುಗಿಸಬೇಡಿ ಎನ್ನುವುದು ನಮ್ಮ ಕೆಲಸವಲ್ಲ, ಅದು ಹಾಡು-ವಾದ್ಯದವರ, ಅಂದರೆ ಹಿಮ್ಮೇಳದ, ಭಾಷೆ. ಸ್ಟ್ಯಾಂಡನ್ನು ಮದ್ದಳೆಯ ಬದಿಗೆ ಒಂದಿಷ್ಟು ಸರಿಸಿ, ಮೈಕನ್ನು ಎದುರಿಗೂ ಆ ಬದಿಗೂ ನಡುವಿನ ಓರೆಗೆ ನಿಲ್ಲಿಸಿದಾಗ ಎರಡೂ ಭಂಗಿಯಲ್ಲಿ ಅಂತರ ಸರಿಸುಮಾರು ಒಂದೇ ಆಯಿತು. ತಾಳದ ಕೈ ಬಡಿಯದಷ್ಟು ಎತ್ತರದಲ್ಲಿ, ಬೂಮ್ ಎಂಬ ಅಡ್ಡತೋಳು ಇರುವ ಸ್ಟ್ಯಾಂಡಿನಿಂದ, ಮೇಲಿನಿಂದ ಬಾಯಿಯತ್ತ ಇಳಿಯುವಂತೆ ಮೈಕ್ ಇಟ್ಟರೆ ತಾಳದ ಕಿಣಿತವೂ ತಗ್ಗುತ್ತದೆ. ತಲೆ ತುಂಬ ಆಡಿಸಿ ಹಾಡುವವರಿಗೆ ಸೂಪರ್‌ಕಾರ್ಡಿಯಾಯ್ಡ್‌ಗಿಂತ ಸಾಮಾನ್ಯ ಕಾರ್ಡಿಯಾಯ್ಡ್ ಕ್ಷಮಿಸುವ ಗುಣದ್ದು.

ಮದ್ದಳೆಗೆ ವಾದ್ಯಕ್ಕೆಂದೇ ಮಾಡಿದ ಡೈನಾಮಿಕ್ ಮೈಕ್, ಉದಾಹರಣೆಗೆ ಶೂರ್ ಎಸ್‌ಎಂ57, ಬಲಮುಚ್ಚಿಗೆಯಿಂದ ಸುಮಾರು 6 ಅಂಗುಲ ದೂರದಲ್ಲಿ ಸಾಕು. ಎರಡು ಮೈಕ್ ಇದ್ದರೆ ಎಡಕ್ಕೊಂದು ಕೊಡಬಹುದು, ಒಂದೇ ಇದ್ದರೆ ಬಲಕ್ಕೇ ಇರಲಿ. ಎಡಮುಚ್ಚಿಗೆಯ ಗುಮಕಿ ಮರದ ಮಂಚದ ಮೂಲಕವೂ ಗಾಳಿಯ ಮೂಲಕವೂ ಅಕ್ಕಪಕ್ಕದ ಮೈಕ್‌ಗಳಿಗೆ ಹೇಗೂ ಬರುತ್ತದೆ.

ಚಂಡೆಗೆ ಮೈಕ್ ಬೇಕೇ ಎಂಬುದು ಬೇರೆಯೇ ಚರ್ಚೆ. ಮುನ್ನೂರು ನಾನೂರು ಜನ ಕೂರುವ ಅಂಗಳಕ್ಕಾಗಲಿ, ಸಭಾಭವನಕ್ಕಾಗಲಿ ಖಂಡಿತ ಬೇಡ ಎಂದೇ ನನ್ನ ಮತ. ಕಾರವಾರದ ಕಡಲತೀರದಂಥ ತೆರೆದ ಬಯಲಿನಲ್ಲಿ, ಅಲೆಯ ಸದ್ದೂ ಗಾಳಿಯೂ ಸೇರುವ ಕಡೆ, ಒಂದು ಡೈನಾಮಿಕ್ ಮೈಕನ್ನು ಒಂದೂವರೆ ಅಡಿ ದೂರದಲ್ಲಿಟ್ಟು ಬಹಳ ಕಡಿಮೆ ಮಟ್ಟದಲ್ಲಿ ಬಿಟ್ಟರೆ ಸಾಕು. ಕಂಡೆನ್ಸರ್ ಇಡಲೇಬೇಕೆಂದರೆ ಅದು ತಾಳಿಕೊಳ್ಳುವ ಗರಿಷ್ಠ ಧ್ವನಿಮಟ್ಟ 130 ಡೆಸಿಬೆಲ್‌ಗಿಂತ ಮೇಲಿದೆಯೇ ಎಂದು ಕಾಗದದಲ್ಲಿ ನೋಡಿಕೊಳ್ಳಿ.

ವೇಷ ಕಟ್ಟುವ ಮುಮ್ಮೇಳದವರದ್ದೇ ನಿಜವಾದ ಕಗ್ಗಂಟು. ವೇಷಧಾರಿ ಕುಣಿಯುತ್ತಾನೆ, ತಿರುಗುತ್ತಾನೆ, ಕುಣಿತ ಮುಗಿಸಿ ಏದುಸಿರಿನಲ್ಲಿ ಅರ್ಥ ಹೇಳುತ್ತಾನೆ. ತಲೆಯ ಮೇಲೆ ಕಿರೀಟ ಅಥವಾ ಕೇದಗೆ ಮುಂದಲೆ, ಕಿವಿಗೆ ಆಭರಣ, ಎದೆಗೆ ಪದಕ, ಮುಖಕ್ಕೆ ಬಣ್ಣ, ಮೈಯೆಲ್ಲ ಬೆವರು. ಎದೆಗೆ ಸಿಕ್ಕಿಸುವ ಕಾಲರ್ ಮೈಕಿಗೆ ಪದಕ, ಸರಗಳು ಉಜ್ಜಿ ಕರಕರ ಎನ್ನುತ್ತವೆ. ಹೆಡ್‌ಸೆಟ್ ಮೈಕ್ ಬಾಯಿಯ ಪಕ್ಕದಲ್ಲಿಯೇ ಇರುವುದರಿಂದ ಧ್ವನಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು; ಆದರೆ ಬೆವರು ಅದರ ಕಣ್ಣಿಗೆ ಇಳಿದರೆ ಧ್ವನಿ ನೀರಿನೊಳಗಿಂದ ಬಂದಂತಾಗುತ್ತದೆ. ಎಂಟು ಹತ್ತು ವೇಷಗಳಿಗೆ ಅಷ್ಟೇ ಸೆಟ್ ಬೇಕು, ಚೌಕಿಯಲ್ಲಿ ಮುಖವರ್ಣಿಕೆಯ ಜೊತೆಗೇ ಅದನ್ನು ಕಟ್ಟುವ ಒಬ್ಬ ತಿಳಿದವನೂ ಬೇಕು. ಎರಡು ಮೂರು ಪಾತ್ರಗಳ ಏಕವ್ಯಕ್ತಿ ಪ್ರಯೋಗ ಅಥವಾ ಆಧುನಿಕ ನಾಟಕಕ್ಕೆ ಹೆಡ್‌ಸೆಟ್ ಸರಿ, ಪೂರ್ಣ ಪ್ರಸಂಗಕ್ಕೆ ನಾನು ಸಲಹೆ ಮಾಡುವುದಿಲ್ಲ.

ಮೇಲಿನಿಂದ ಇಳಿಬಿಡುವ ಮೈಕಿನ ಕಥೆಯನ್ನು ಆರಂಭದಲ್ಲಿಯೇ ಹೇಳಿದ್ದೇನೆ. ಉಳಿಯುವುದು ರಂಗಸ್ಥಳದ ಮುಂಭಾಗದ ಸ್ಟ್ಯಾಂಡ್ ಮೈಕ್‌ಗಳು. ಇವು ಸೂಪರ್‌ಕಾರ್ಡಿಯಾಯ್ಡ್ ಡೈನಾಮಿಕ್ ಆಗಿದ್ದು, ವೇಷಧಾರಿಯ ಎದೆಯ ಎತ್ತರದಲ್ಲಿ ಬಾಯಿಯತ್ತ ಮುಖ ಎತ್ತಿ ನಿಂತಿರಬೇಕು; ಮುಖವನ್ನು ಮರೆ ಮಾಡಬಾರದು. ಎಷ್ಟು ಮೈಕ್, ಎಷ್ಟು ಅಂತರ ಎಂಬುದಕ್ಕೆ ಹಳೆಯದೊಂದು ಲೆಕ್ಕವಿದೆ: ಬಾಯಿಗೂ ಮೈಕಿಗೂ ಇರುವ ಅಂತರದ ಮೂರು ಪಟ್ಟಿಗಿಂತ ಹತ್ತಿರ ಇನ್ನೊಂದು ಮೈಕ್ ಇರಬಾರದು. ವೇಷಧಾರಿ 2 ಅಡಿ ದೂರದಲ್ಲಿ ನಿಂತು ಅರ್ಥ ಹೇಳುವುದಾದರೆ ಮೈಕ್‌ಗಳ ನಡುವೆ ಕನಿಷ್ಠ 6 ಅಡಿ ಬೇಕು. ಹಾಗಾಗಿ 20 ಅಡಿ ಅಗಲದ ರಂಗಸ್ಥಳಕ್ಕೆ ಮೂರು ಮೈಕ್ ಧಾರಾಳ. ಐದು ಇಟ್ಟರೆ ಒಂದೇ ಮಾತು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಧ್ವನಿ ಡಬ್ಬಿಯೊಳಗಿನ ಮಾತಿನಂತೆ ಟೊಳ್ಳಾಗುತ್ತದೆ. ತೆರೆದಿರುವ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕಿರುಚುವ ಮೊದಲು ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಕುಣಿತದ ಹೊತ್ತಿಗೆ ಈ ಮೂರನ್ನೂ ಇಳಿಸಿ, ಅರ್ಥದ ಹೊತ್ತಿಗೆ ಬೇಕಾದ್ದನ್ನು ಮಾತ್ರ ಏರಿಸುವ ಮೈಕಿನವರಿಗೆ ಪ್ರಸಂಗ ಗೊತ್ತಿರಬೇಕು. ಪ್ರಸಂಗ ಗೊತ್ತಿಲ್ಲದವರ ಕೈಯಲ್ಲಿ ಉತ್ತಮ ಮೈಕೂ ಅರೆಬರೆ.

ತಾಳಮದ್ದಳೆಗೆ ಇದರ ಅರ್ಧದಷ್ಟು ತಲೆನೋವೂ ಇಲ್ಲ. ಅರ್ಥಧಾರಿಗಳು ಕುಳಿತೇ ಇರುತ್ತಾರೆ. ಒಬ್ಬೊಬ್ಬರಿಗೂ ಗಿಡ್ಡ ಸ್ಟ್ಯಾಂಡಿನ ಮೇಲೆ ಒಂದೊಂದು ಕಾರ್ಡಿಯಾಯ್ಡ್ ಮೈಕ್, ಗೇಣು ಅಂತರದಲ್ಲಿ. ನಾಲ್ವರ ಮೈಕೂ ತೆರೆದೇ ಇದ್ದರೆ ಮೇಲಿನ ಲೆಕ್ಕದಂತೆ 6 ಡೆಸಿಬೆಲ್ ಕಳೆದುಹೋಗುತ್ತದೆ. ಆದರೆ ಸಂವಾದ ಕಾವೇರಿದಾಗ ಎದುರಾಳಿಯ ‘ಹೂಂ’ ಎಂಬ ಒಂದು ಸ್ವರವೂ ಸಭೆಗೆ ಬೇಕು, ಅದಕ್ಕಾಗಿ ಪೂರ್ತಿ ಮುಚ್ಚದೆ ಅರ್ಧಕ್ಕಿಳಿಸುವುದು ಲೇಸು. ಆನ್–ಆಫ್ ಗುಂಡಿ ಇರುವ ಮೈಕ್ ಬೇಡ. ಆವೇಶದಲ್ಲಿ ಕೈ ತಗಲಿ ಅದು ಆಫ್ ಆಗುವುದು ಯಾವಾಗಲೂ ಪೀಠಿಕೆಯ ನಡುವೆಯೇ.

ಹಿಂದೂಸ್ತಾನಿ ಗಾಯನಕ್ಕೆ, ಸಿತಾರ್ ಬಾನ್ಸುರಿಗಳಿಗೆ ಒಳ್ಳೆಯ ಕಂಡೆನ್ಸರ್ ಹಾಕಿದ ಹಣಕ್ಕೆ ಮೋಸವಿಲ್ಲ, ಸಭಾಂಗಣ ನಿಶ್ಶಬ್ದವಾಗಿದ್ದರೆ.

ಆರನೆಯ ಹೆಜ್ಜೆ: ಕಾರ್ಡ್‌ಲೆಸ್ ಕೊಳ್ಳುವಾಗ

ತಂತಿ ಹಾಕಬಹುದಾದ ಕಡೆ ತಂತಿಯೇ ಇರಲಿ. ಒಂದೇ ಬೆಲೆಗೆ ಸಿಗುವ ಕಾರ್ಡ್‌ಲೆಸ್ ಮತ್ತು ತಂತಿಯ ಮೈಕ್‌ಗಳಲ್ಲಿ ತಂತಿಯದರ ಧ್ವನಿ ಸಾಮಾನ್ಯವಾಗಿ ಮೇಲಿರುತ್ತದೆ, ಏಕೆಂದರೆ ಕಾರ್ಡ್‌ಲೆಸ್‌ನಲ್ಲಿ ಹಣದ ದೊಡ್ಡ ಪಾಲು ರೇಡಿಯೋ ಭಾಗಕ್ಕೆ ಹೋಗಿರುತ್ತದೆ. ಕೊಳ್ಳಲೇಬೇಕಾದರೆ ರಿಸೀವರಿಗೆ ಎರಡು ಆಂಟೆನಾ ಇದ್ದು, ಎರಡರಲ್ಲಿ ಉತ್ತಮ ಸಂಕೇತವನ್ನು ತಾನೇ ಆರಿಸುವ ವ್ಯವಸ್ಥೆ ಇರುವಂಥದ್ದನ್ನು, ಕಂಪನಾಂಕ ಬದಲಿಸಬಹುದಾದ ಯುಎಚ್‌ಎಫ್ ಸೆಟ್ಟನ್ನು ನೋಡಬೇಕು. 2.4 ಗಿಗಾಹರ್ಟ್ಸ್‌ನ ಅಗ್ಗದ ಸೆಟ್‌ಗಳು ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದು, ಜನ ತುಂಬಿದ ಮೇಲೆ ತೊದಲುತ್ತವೆ; ಅದೇ ತರಂಗಪಟ್ಟಿಯಲ್ಲಿ ಎಲ್ಲರ ಮೊಬೈಲಿನ ವೈಫೈ, ಬ್ಲೂಟೂತ್ ಕೂಡ ಓಡಾಡುತ್ತಿರುತ್ತವೆ. ಯಾರಾದರೂ 700ರಿಂದ 800 ಮೆಗಾಹರ್ಟ್ಸ್ ನಡುವಿನ ಹಳೆಯ ಸೆಟ್ ಮಾರಲು ಬಂದರೆ ಕೊಳ್ಳಬೇಡಿ. 2022ರ ಹರಾಜಿನಲ್ಲಿ ಆ ಪಟ್ಟಿಯ ತರಂಗಾಂತರ ಮೊಬೈಲ್ ಸೇವೆಗೆ ಹೋಗಿದೆ.

ರಿಸೀವರನ್ನು ಮಿಕ್ಸರ್ ಪಕ್ಕದಲ್ಲಿ, ಜನರ ತಲೆಗಳ ಹಿಂದೆ ಇಡದೆ, ರಂಗಸ್ಥಳದ ಬದಿಯಲ್ಲಿ ವೇಷಧಾರಿ ಕಾಣುವಂತೆ ಇಡಬೇಕು. ಮನುಷ್ಯರ ಮೈ ರೇಡಿಯೋ ತರಂಗವನ್ನು ಹೀರುತ್ತದೆ. ಬ್ಯಾಟರಿಯ ಲೆಕ್ಕ ಈಗ ಸ್ವಲ್ಪ ಸುಲಭ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಕಾಲಮಿತಿಯ ಆಟಗಳೇ ಹೆಚ್ಚಾಗಿವೆ, ಒಂದು ಜೊತೆ ಹೊಸ ಆಲ್ಕಲೈನ್ ಸೆಲ್ ಸಾಮಾನ್ಯವಾಗಿ ಸಾಲುತ್ತದೆ. ನಿನ್ನೆ ಅರ್ಧ ಬಳಸಿದ ಸೆಲ್ಲನ್ನು ಇಂದು ಹಾಕುವ ಮಿತವ್ಯಯವನ್ನು ಮಾತ್ರ ಯಾರೂ ಮಾಡಬಾರದು.

ಏಳನೆಯ ಹೆಜ್ಜೆ: ಕಡಲಗಾಳಿ ಮತ್ತು ಮಳೆಗಾಲ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಗಾಳಿಯಲ್ಲಿ ಉಪ್ಪಿದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಉಪ್ಪು ಮೊದಲು ಮೈಕಿನ ಜಾಳಿಗೆಗೂ ಕನೆಕ್ಟರಿನ ಸೂಜಿಗಳಿಗೂ ಅಂಟಿ ತುಕ್ಕು ಹಿಡಿಸುತ್ತದೆ. ತೇವ ಕಂಡೆನ್ಸರಿನ ಪೊರೆಯ ಮೇಲೆ ಕೂತು ಚಿಟಪಟ ಸದ್ದು ಹುಟ್ಟಿಸುತ್ತದೆ. ಎಸಿ ಕೋಣೆಯಿಂದ ತೆಗೆದು ನೇರ ಹೊರಗಿನ ಬೆಚ್ಚನೆಯ ಗಾಳಿಗೆ ಒಯ್ದರಂತೂ ಕೂಡಲೇ. ಇದಕ್ಕೆ ನಾನು ಕಂಡುಕೊಂಡ ಉಪಾಯ ಅಡಿಗೆಮನೆಯದು: ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ನೂರು ಗ್ರಾಂ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡಿಗೆಗೆ ಬಳಸಬಾರದು. ಆಟ ಮುಗಿದ ಮೇಲೆ ಮೈಕನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಡಬ್ಬಿಗೆ ಹಾಕಬೇಕು. ಎಸ್‌ಎಂ58 ಜಾತಿಯ ಮೈಕ್‌ಗಳ ಜಾಳಿಗೆಯನ್ನು ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜಿನ ಸಮೇತ ಸಾಬೂನು ನೀರಿನಲ್ಲಿ ತೊಳೆಯಬಹುದು. ಪೂರ್ತಿ ಒಣಗಿದ ಮೇಲಷ್ಟೇ ಮರಳಿ ಕೂರಿಸಬೇಕು. ಎಲೆಯಡಿಕೆ ಹಾಕುವ ಕಲಾವಿದರಿರುವ ಮೇಳಕ್ಕೆ ಇದು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಕೆಲಸ.

ಕಡಲತೀರದ ಕಾರ್ಯಕ್ರಮಕ್ಕೆ ಪ್ರತಿ ಮೈಕಿಗೂ ಫೋಮಿನ ಗವಸು ಕೊಳ್ಳುವುದನ್ನು ಮರೆಯಬಾರದು. ಗಾಳಿ ದಿಕ್ಕು ಹಿಡಿಯುವ ಮೈಕ್‌ಗಳನ್ನೇ ಹೆಚ್ಚು ಕಾಡುತ್ತದೆ.

ಎಂಟನೆಯ ಹೆಜ್ಜೆ: ಕೇಬಲ್, ಸ್ಟ್ಯಾಂಡ್, ಉಳಿದ ಹಣ

ಮೈಕಿಗಿಟ್ಟ ಹಣದಲ್ಲಿ ಕಾಲು ಭಾಗವನ್ನಾದರೂ ಕೇಬಲ್ಲಿಗೂ ಸ್ಟ್ಯಾಂಡಿಗೂ ತೆಗೆದಿರಿಸಬೇಕು. ಎರಡೂ ತುದಿಗೆ ಮೂರು ಸೂಜಿಯ ಎಕ್ಸ್‌ಎಲ್‌ಆರ್ ಕನೆಕ್ಟರ್ ಇರುವ ಬ್ಯಾಲೆನ್ಸ್ಡ್ ಕೇಬಲ್ಲೇ ಆಗಬೇಕು. ಇದರಲ್ಲಿ ಒಂದೇ ಧ್ವನಿ ಎರಡು ತಂತಿಯಲ್ಲಿ ಪರಸ್ಪರ ತಲೆಕೆಳಗಾಗಿ ಸಾಗುವುದರಿಂದ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಗುಂಯ್‌ಗುಡುವಿಕೆ ಮಿಕ್ಸರಿನಲ್ಲಿ ತಾನೇ ಅಳಿದುಹೋಗುತ್ತದೆ. ಮಿಕ್ಸರಿನ ಕಡೆ ಎರಡು ತಂತಿಯ ಸಾದಾ ಜಾಕ್ ಬೆಸೆದ ಕೇಬಲ್ ಇಪ್ಪತ್ತು ಅಡಿ ದಾಟಿದರೆ ದೀಪದ ತಂತಿಯ ಗುಂಯ್‌ಕಾರವನ್ನೆಲ್ಲ ಹೊತ್ತು ತರುತ್ತದೆ. ಆ ಸದ್ದು ನಿಲ್ಲಿಸಲೆಂದು ಜನರೇಟರಿನ ಅಥವಾ ಆಂಪ್ಲಿಫೈಯರಿನ ಅರ್ಥಿಂಗ್ ತಂತಿ ಕಿತ್ತುಹಾಕುವವರಿದ್ದಾರೆ. ಒದ್ದೆ ನೆಲ, ಬೆವರಿದ ಕೈ, ಲೋಹದ ಮೈಕ್ ಸೇರಿದಾಗ ಅದು ಪ್ರಾಣಕ್ಕೆ ಎರವಾಗುತ್ತದೆ. ಸ್ಟ್ಯಾಂಡಿನ ಬುಡ ಭಾರವಾಗಿರಲಿ. ಹಲಗೆಯ ರಂಗಸ್ಥಳದಲ್ಲಿ ಬುಡದ ಕೆಳಗೆ ದಪ್ಪ ರಬ್ಬರ್ ಅಥವಾ ಹಳೆಯ ಸೈಕಲ್ ಟ್ಯೂಬಿನ ಮಡಿಕೆ ಇಟ್ಟರೆ ಹೆಜ್ಜೆಯ ದಡಬಡ ಮೈಕಿಗೆ ಏರುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಎಂದರೆ ಮೈಕ್ ಜೀವಂತವಾಗಿದೆ ಎಂಬುದಷ್ಟೇ ತಿಳಿಯುತ್ತದೆ. ಹೋಲಿಸಬೇಕಾದ ಎರಡು ಮೈಕ್‌ಗಳನ್ನು ಒಂದೇ ಮಿಕ್ಸರಿಗೆ ಸಿಕ್ಕಿಸಿ, ಮಾತಿನ ಮಟ್ಟ ಎರಡರಲ್ಲೂ ಸಮನಾಗುವಂತೆ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ ಜೋರಾಗಿ ಕೇಳಿದ್ದೇ ಚೆನ್ನ ಎಂದು ಕಿವಿ ಮೋಸ ಹೋಗುತ್ತದೆ. ನಂತರ ಮಹಾಪ್ರಾಣ ತುಂಬಿದ ಮಾತು ಹೇಳಬೇಕು. ‘ಭಳಿರೇ’ ಎಂಬ ಒಂದು ಉದ್ಗಾರ ಸಾಕು, ಉಸಿರಿಗೆ ದಢ್ ಎನ್ನುವ ಮೈಕ್ ಯಾವುದೆಂದು ಅಲ್ಲಿಯೇ ಗೊತ್ತಾಗುತ್ತದೆ. ‘ಶೇಷಶಯನ’ ಎಂದಾಗ ಸೀಟಿ ಹೊಡೆಯುವುದನ್ನು ಬದಿಗಿಡಿ. ಆಮೇಲೆ ಗೆಳೆಯನೊಬ್ಬನಿಗೆ ಮೇಜನ್ನು ಚಂಡೆಯಂತೆ ಬಾರಿಸಲು ಹೇಳಿ, ಮೈಕನ್ನು ನಿಧಾನವಾಗಿ ಸುತ್ತ ತಿರುಗಿಸುತ್ತ ಹೋಗಬೇಕು. ಸದ್ದು ತಟ್ಟನೆ ತಗ್ಗುವ ಕೋನ ಎಲ್ಲಿ ಬರುತ್ತದೆ, ಎಷ್ಟು ತಗ್ಗುತ್ತದೆ, ತಗ್ಗಿದಾಗ ಉಳಿದ ಸದ್ದು ಸಹಜವಾಗಿದೆಯೇ ಅಥವಾ ಕೀರಲಾಗಿದೆಯೇ ಎಂಬುದನ್ನು ಗಮನಿಸಬೇಕು. ಅಗ್ಗದ ಮೈಕ್‌ಗಳು ಕಿವುಡು ಬದಿಯಲ್ಲಿ ಕೆಳಸ್ವರಕ್ಕೆ ಮಾತ್ರ ಕಿವುಡಾಗಿ, ಚಂಡೆಯ ಕೋಲಿನ ಏಟಿಗೆ ಕಿವಿ ತೆರೆದೇ ಇರುತ್ತವೆ. ಅಂಗಡಿಯವರು ಮೇಜು ಬಾರಿಸಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗುವುದು ಉತ್ತಮ.

ಆಟದ ದಿನ

ಹೊಸ ಮೈಕ್ ತಂದ ದಿನ ಸಂಜೆ ಬೇಗ ಹೋಗಿ, ಜನ ಸೇರುವ ಮೊದಲೇ ಹಿಮ್ಮೇಳದವರನ್ನು ಅವರವರ ಜಾಗದಲ್ಲಿ ಕೂರಿಸಬೇಕು. ಮೊದಲು ಭಾಗವತರ ಮೈಕ್ ಒಂದನ್ನೇ ತೆರೆದು, ಅವರು ಏರುಸ್ವರದಲ್ಲಿ ಒಂದು ಪದ ಹೇಳುವಾಗ ಮಟ್ಟ ಹೊಂದಿಸಿ, ಗುಂಡಿಯನ್ನು ಅಲ್ಲಿಯೇ ಬಿಡಬೇಕು. ಈಗ ಭಾಗವತರು ಸುಮ್ಮನಿದ್ದು ಚಂಡೆಯವರು ಮಾತ್ರ ಬಾರಿಸಲಿ. ನೀವು ಕೊನೆಯ ಕುರ್ಚಿಯ ಸಾಲಿಗೆ ನಡೆದುಹೋಗಿ ಸ್ಪೀಕರಿನಿಂದ ಬರುವ ಚಂಡೆಯನ್ನು ಕೇಳಿ. ಯಾರಾದರೂ ಭಾಗವತರ ಮೈಕನ್ನು ಎರಡೆರಡು ಅಂಗುಲ ತಿರುಗಿಸುತ್ತ ಹೋಗಲಿ. ಸ್ಪೀಕರಿನ ಚಂಡೆ ಕರಗಿ, ರಂಗಸ್ಥಳದ ಚಂಡೆಯಷ್ಟೇ ಕಿವಿಗೆ ಬರುವ ಜಾಗ ಸಿಕ್ಕೊಡನೆ ಕೈ ಎತ್ತಿ ನಿಲ್ಲಿಸಿ, ಸ್ಟ್ಯಾಂಡಿನ ಬುಡದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಸಿ.